ಹುಲಿಗೆಂದು ಸಜ್ಜು, ಉಂಬಳಕ್ಕೆ ಊಟ

ಹೋದ ಆಯುಧಪೂಜೆಯ ಹಿಂದಿನ ದಿನ ನನ್ನ ಭಾವಮೈದುನ ಮನೆಗೆ ಬಂದಾಗ, ಯಾರೋ ಒಬ್ಬ ಆಸಾಮಿಯನ್ನು ಕೂಸುಮರಿ ಮಾಡಿಕೊಂಡು ತಂದಂತಿತ್ತು. ಬಾಗಿಲಲ್ಲಿ ಅಡ್ಡ ತಿರುಗಿ, ಚೌಕಟ್ಟಿಗೆ ಒಂದೆರಡು ಬಾರಿ ಗುದ್ದಿ ಒಳಗೆ ಬಂದ ಮೇಲೆ ಗೊತ್ತಾಯಿತು, ಅದು ಬ್ಯಾಗು.

‘70 ಲೀಟರಿಂದು ಅಕ್ಕಾ’ ಎಂದ ಹೆಮ್ಮೆಯಿಂದ.

‘ಲೀಟರ್ ಲೆಕ್ಕದಲ್ಲಿ ಕೊಡೋಕೆ ಅದೇನು ಹಾಲೇನೋ?’ ಎಂದಳು ನನ್ನಾಕೆ.

ಸ್ಕೂಟರಿಗೆ, ಲ್ಯಾಪ್‌ಟಾಪಿಗೆ, ಮಿಕ್ಸಿಗೆ ಕುಂಕುಮ ಹಚ್ಚುವ ಹಬ್ಬ. ಬ್ಯಾಗಿಗೂ ಪೂಜೆ ಮಾಡಿಸಲು ಬಂದಿರಬೇಕು ಅಂದುಕೊಂಡು ಸುಮ್ಮನಿದ್ದೆ. ಕಾಫಿ ಕುಡಿದು ಮುಗಿಸಿದವನೇ ಗುಟ್ಟು ಬಿಚ್ಚಿದ. ‘ಭಾವ, ಮುಂದಿನ ವರ್ಷ ಆರು ತಿಂಗಳು ಅಮೆರಿಕಕ್ಕೆ ಹೋಗ್ತೀನಿ.’

‘ಕಂಪನಿ ಕಳಿಸ್ತಿದೆಯಾ?’

‘ಇಲ್ಲ, ನಡೆಯೋಕೆ.’

ಅಡುಗೆಮನೆಯಿಂದ ಅವನಕ್ಕನ ನಗು ಕೇಳಿಸಿತು. ‘ಮೂಲೆ ಅಂಗಡಿಯಿಂದ ಕೊತ್ತಂಬರಿ ಸೊಪ್ಪು ತಾ ಅಂದ್ರೆ ಸ್ಕೂಟರ್ ಕೀ ಹುಡುಕ್ತೀಯ. ನೀನು ಅಮೆರಿಕದಲ್ಲಿ ನಡೀತೀಯಾ?’

ಹುಡುಗ ಸೋಲಲಿಲ್ಲ. ಅಪಲೇಚಿಯನ್ ಟ್ರೇಲ್ ಎಂಬ ಕಾಲುಹಾದಿಯ ನಕ್ಷೆಯನ್ನು ಫೋನಿನಲ್ಲಿ ಹಿಗ್ಗಿಸಿ ತೋರಿಸಿದ. ಜಾರ್ಜಿಯಾ ರಾಜ್ಯದ ಸ್ಪ್ರಿಂಗರ್ ಬೆಟ್ಟದಲ್ಲಿ ಹೊರಟರೆ 14 ರಾಜ್ಯ ದಾಟಿ ಮೇನ್ ರಾಜ್ಯದ ಕಟಾಡಿನ್ ಬೆಟ್ಟದ ಮೇಲೆ ಮುಗಿಯುತ್ತದೆ. ಸುಮಾರು 3,500 ಕಿಲೋಮೀಟರ್. 1937ರಲ್ಲಿ ಪೂರ್ತಿಯಾದ ಹಾದಿ. ಒಂದೇ ಉಸಿರಿಗೆ ಮುಗಿಸುತ್ತೇನೆಂದು ಹೊರಟವರಿಗೆ ಐದಾರು ತಿಂಗಳು ಹಿಡಿಯುತ್ತದೆ. ಹಾಗೆ ಹೊರಟ ನಾಲ್ವರಲ್ಲಿ ಮೂವರು ನಡುದಾರಿಯಿಂದಲೇ ಮನೆಗೆ ಮರಳುತ್ತಾರೆ. ನಾನು ಆ ಮೂವರ ವಿಷಯ ಕೇಳಬೇಕೆಂದಿದ್ದೆ. ಅವನು ಆಗಲೇ ನಾಲ್ಕನೆಯವನಾಗಿ ಶಿಖರದ ಮೇಲೆ ನಿಂತು ಫೋಟೊ ತೆಗೆಸಿಕೊಳ್ಳುತ್ತಿದ್ದ.

‘ಅದಕ್ಕೆ ಮೊದಲು ಒಂದು ರಿಹರ್ಸಲ್ ಆಗಬೇಕು ಭಾವ. ಕುಮಾರ ಪರ್ವತ. ನೀವೂ ಬರ್ಬೇಕು. ನೀವು ಮಲೆನಾಡಿನವರು, ಕಾಡು ಗೊತ್ತು.’

ನಾನು ಸಾಗರ ಬಿಟ್ಟು ಮೂವತ್ತು ವರ್ಷ ಆಯಿತು. ಈಗ ನನಗೆ ಗೊತ್ತಿರುವ ಕಾಡೆಂದರೆ ಲಾಲ್‌ಬಾಗು, ಅದೂ ಪಶ್ಚಿಮದ ಗೇಟಿನ ಕಡೆಯದ್ದು ಮಾತ್ರ. ಆದರೆ ಹೆಂಡತಿಯ ತಮ್ಮನ ಮುಂದೆ ಇಂಥ ಸತ್ಯಗಳನ್ನು ಹೇಳುವ ಗಂಡಸು ಇನ್ನೂ ಹುಟ್ಟಿಲ್ಲ. ಬರ್ತೀನಿ ಎಂದೆ.

ಸಂಜೆ ಹಾಲ್‌ನಲ್ಲಿ ಬ್ಯಾಗು ಬಿಚ್ಚಿದ. ಮದುವೆಮನೆಯ ಉಗ್ರಾಣ ಬಿಚ್ಚಿದಂತಾಯಿತು. ಇಬ್ಬರು ಮಲಗುವ ಡೇರೆ, ಸೊನ್ನೆಗಿಂತ ಕೆಳಗಿನ ಚಳಿ ತಡೆಯುವ ಮಲಗುಚೀಲ, ಗ್ಯಾಸ್ ಒಲೆ, 20 ಮೀಟರ್ ಹಗ್ಗ, ಪುಟ್ಟ ಕೊಡಲಿ, 14 ಅಲಗಿನ ಚಾಕು, ಗಾಳಿ ಊದುವ ದಿಂಬು, ಬಿಸಿಲಿನಲ್ಲಿ ಫೋನ್ ಚಾರ್ಜ್ ಮಾಡುವ ಹಲಗೆ, ತಲೆಗೆ ಕಟ್ಟುವ ದೀಪ, ಎರಡು ಮಡಚುವ ಕೋಲು. ಕೊನೆಗೆ ಒಂದು ಗಂಟೆ.

‘ಇದೇನೋ?’

‘ಬೇರ್ ಬೆಲ್ ಭಾವ. ಬ್ಯಾಗಿಗೆ ಕಟ್ಕೊಂಡ್ರೆ ಸದ್ದು ಕೇಳಿ ಕರಡಿ ದೂರ ಹೋಗುತ್ತೆ.’

‘ನಮ್ಮೂರಲ್ಲಿ ಇದನ್ನ ದನದ ಕೊರಳಿಗೆ ಕಟ್ತಾರೆ. ಈ ಸದ್ದು ಕೇಳಿದ್ರೆ ಹುಲಿಗೆ ಊಟದ ಹೊತ್ತಾಯ್ತು ಅಂತ ನೆನಪಾಗುತ್ತೆ, ಅಷ್ಟೆ.’

ಅಷ್ಟರಲ್ಲಿ ಹಬ್ಬಕ್ಕೆ ಮನೆಯ ರದ್ದಿ ಖಾಲಿ ಮಾಡಿಸಲು ಕರೆದಿದ್ದ ಹಳೇ ಪೇಪರಿನವನು ಬಂದ. ನನ್ನಾಕೆ ಅವನ ತಕ್ಕಡಿಗೆ ಬ್ಯಾಗನ್ನೂ ತೂಗುಹಾಕಿಸಿದಳು. 18 ಕೆ.ಜಿ. ‘ಪೇಪರ್ ಆಗಿದ್ರೆ ಒಳ್ಳೆ ದುಡ್ಡು ಬರ್ತಿತ್ತಲ್ಲಾ ಸಾರ್’ ಎಂದು ಅವನು ನಿಜವಾಗಿಯೂ ಮರುಗಿದ. ನೀರು, ತಿಂಡಿ ಇನ್ನೂ ಒಳಗೆ ಹೋಗಿರಲಿಲ್ಲ. ಒಂದು ಲೀಟರ್ ನೀರೆಂದರೆ ಒಂದು ಕೆ.ಜಿ., ಅದರಲ್ಲಿ ರಿಯಾಯಿತಿ ಇಲ್ಲ. ಬಹುದಿನ ನಡೆಯುವವರು ಹೊರೆ ಮೈತೂಕದ ಐದನೇ ಒಂದು ಭಾಗ ದಾಟದಂತೆ ನೋಡಿಕೊಳ್ಳುತ್ತಾರೆ. 65 ಕೆ.ಜಿ.ಯ ನಮ್ಮ ಹುಡುಗನಿಗೆ 13 ಕೆ.ಜಿ. ಹೆಚ್ಚೆಂದರೆ. ತೂಕ ಇಳಿಸುವ ವಿದ್ಯೆ ತನಗೂ ಗೊತ್ತು ಎಂದು ಅವನು ಹಲ್ಲುಜ್ಜುವ ಬ್ರಷ್ಷು ತೋರಿಸಿದ. ಅದರ ಹಿಡಿಯನ್ನು ಅರ್ಧಕ್ಕೆ ಕತ್ತರಿಸಿದ್ದ. ಅಮೆರಿಕದಲ್ಲಿ ದೂರ ನಡೆಯುವವರು ಹಾಗೆ ಮಾಡುತ್ತಾರಂತೆ. ಬ್ರಷ್ಷಿನಲ್ಲಿ ನಾಲ್ಕು ಗ್ರಾಂ ಉಳಿಸಿ ಕೊಡಲಿಯಲ್ಲಿ ಒಂದು ಕೆ.ಜಿ. ಸೇರಿಸಿದ ಲೆಕ್ಕಾಚಾರ ನನಗೆ ನಮ್ಮ ಸಂಸಾರದ ಬಜೆಟ್ಟನ್ನು ನೆನಪಿಸಿತು.

ಬ್ಯಾಗಿನಲ್ಲಿ ಏನಿಲ್ಲ ಎಂದು ನೋಡಿದೆ. ಎರಡನೇ ಜೊತೆ ಕಾಲುಚೀಲ ಇಲ್ಲ. ಉಪ್ಪಿಲ್ಲ. ಸೂಜಿ ದಾರ ಇಲ್ಲ. ಒಳಗೆ ಹಾಸಲು ಒಂದು ದಪ್ಪ ಪ್ಲಾಸ್ಟಿಕ್ ಚೀಲ ಇಲ್ಲ. ಬ್ಯಾಗಿಗೆ ಹೊರಗಿನಿಂದ ತೊಡಿಸುವ ಮಳೆಯಂಗಿ ಬೆನ್ನಿನ ಕಡೆಯ ನೀರನ್ನು ತಡೆಯುವುದಿಲ್ಲ. ಒಳಗಿನ ಚೀಲವೇ ಬಟ್ಟೆ ಕಾಯುವುದು. ಉಗುರು ಕತ್ತರಿಸುವ ಕಟ್ಟರ್ ಕೂಡ ಇಲ್ಲ. ‘ಭಾವ, ನಾವು ಕಾಡಿಗೆ ಹೋಗ್ತಿರೋದು, ಬ್ಯೂಟಿ ಪಾರ್ಲರಿಗಲ್ಲ’ ಎಂದ. ಆ ಮಾತನ್ನು ನೀವು ನೆನಪಿಟ್ಟುಕೊಂಡಿರಿ, ಮುಂದೆ ಬೇಕಾಗುತ್ತದೆ.

ಅವನ ಅಮೆರಿಕದ ಹಾದಿಯದೇ ಒಂದು ಕಥೆ ಹೇಳಿದೆ. ಎಮ್ಮಾ ಗೇಟ್‌ವುಡ್ ಎಂಬ ಅಜ್ಜಿ. 11 ಮಕ್ಕಳನ್ನು ಹೆತ್ತು, 23 ಮೊಮ್ಮಕ್ಕಳನ್ನು ಕಂಡಾಕೆ. 1954ರಲ್ಲಿ ಒಮ್ಮೆ ಹೊರಟು, ದಾರಿ ತಪ್ಪಿ, ಕನ್ನಡಕ ಮುರಿದುಕೊಂಡು ವಾಪಸು ಬಂದಳು. 1955ರಲ್ಲಿ, ತನ್ನ 67ನೇ ವಯಸ್ಸಿನಲ್ಲಿ, ಒಂದಿಷ್ಟು ನಡೆದು ಬರುತ್ತೇನೆಂದು ಮನೆಯಲ್ಲಿ ಹೇಳಿ ಮತ್ತೆ ಹೊರಟಳು. 146 ದಿನಗಳಲ್ಲಿ ಇಡೀ ಹಾದಿ ಮುಗಿಸಿದಳು. ಹೆಂಗಸೊಬ್ಬಳು ಒಂಟಿಯಾಗಿ ಒಂದೇ ಋತುವಿನಲ್ಲಿ ಅದನ್ನು ನಡೆದು ಮುಗಿಸಿದ್ದು ಅದೇ ಮೊದಲು. ಅಜ್ಜಿಯ ಬಳಿ ಡೇರೆ ಇರಲಿಲ್ಲ, ಮಲಗುಚೀಲ ಇರಲಿಲ್ಲ. ತಾನೇ ಹೊಲಿದ ಬಟ್ಟೆಯ ಚೀಲ ಹೆಗಲಿಗೆ, ಕ್ಯಾನ್ವಾಸ್ ಶೂ ಕಾಲಿಗೆ, ಮಳೆಗೆ ಬಚ್ಚಲುಮನೆಯ ಪ್ಲಾಸ್ಟಿಕ್ ಪರದೆ. ನಮ್ಮ ದೊಡ್ಡಪ್ಪನ ಕಂಬಳಿಕೊಪ್ಪೆಗೆ ಅಮೆರಿಕದ ತಂಗಿ ಅದು.

‘ಅದು ಆ ಕಾಲ ಭಾವ’ ಎಂದ.

ಆ ಕಾಲ ಯಾಕೆ, ಈ ಕಾಲದ್ದೇ ನೋಡು ಎಂದೆ. ವಿಜಯಪುರ, ಬಾಗಲಕೋಟೆ, ಬೆಳಗಾವಿ ಕಡೆಯ ಜನ ಯುಗಾದಿ ಹೊತ್ತಿಗೆ ಶ್ರೀಶೈಲಕ್ಕೆ ನಡೆದು ಹೋಗುತ್ತಾರೆ. ಮಲ್ಲಯ್ಯನ ಕಂಬಿ ಹೊತ್ತು, ಸುಡುಬಿಸಿಲಿನಲ್ಲಿ, ನೂರಾರು ಕಿಲೋಮೀಟರ್. ಕೊನೆಯ ಹಾದಿ ನಲ್ಲಮಲ ಕಾಡಿನದು, ಅದು ಹುಲಿಗಳಿಗೆಂದೇ ಕಾಯ್ದಿಟ್ಟ ಕಾಡು. ಹೆಗಲ ಚೀಲದಲ್ಲಿ ಕಟಕ್ ರೊಟ್ಟಿ, ಶೇಂಗಾ ಹಿಂಡಿ, ಒಂದು ಚಾದರ. ಕಟಕ್ ರೊಟ್ಟಿ ವಾರಗಟ್ಟಲೆ ಕೆಡುವುದಿಲ್ಲ, ಒಲೆ ಬೇಡ, ತೂಕವಿಲ್ಲ. ಅದನ್ನೇ ಬೆಳ್ಳಿ ಕಾಗದದಲ್ಲಿ ಸುತ್ತಿ ಇಂಗ್ಲಿಷ್ ಹೆಸರಿಟ್ಟು ಕೊಟ್ಟರೆ ನಮ್ಮ ಹುಡುಗ ಒಂದಕ್ಕೆ ನೂರೈವತ್ತು ರೂಪಾಯಿ ಕೊಟ್ಟು ತರುತ್ತಾನೆ. ಶಿವರಾತ್ರಿಗೆ ಚಾರ್ಮಾಡಿ ಘಾಟಿ ಇಳಿದು ಧರ್ಮಸ್ಥಳಕ್ಕೆ ಹೋಗುವವರು, ಕಾವೇರಿ ಹೊಳೆ ದಾಟಿ ಮಾದಪ್ಪನ ಬೆಟ್ಟ ಹತ್ತುವವರು ಇವರನ್ನೆಲ್ಲ ನಾವು ಹೈಕರ್ ಎಂದು ಕರೆಯುವುದಿಲ್ಲ. ಅವರಿಗೂ ಆ ಹೆಸರು ಬೇಡ. ಹಾಗೆಂದು ಅವರ ಕಾಲು ಕಬ್ಬಿಣದ್ದಲ್ಲ, ಅವರಿಗೂ ಬೊಬ್ಬೆ ಬರುತ್ತದೆ. ಆದರೆ ಬೊಬ್ಬೆ ಬರುತ್ತದೆ ಎಂಬುದು ಅವರಿಗೆ ಹೊರಡುವ ಮೊದಲೇ ಗೊತ್ತಿರುತ್ತದೆ. ಅದಕ್ಕೇ ದಾರಿಯುದ್ದಕ್ಕೂ ಕಾಲಿಗೆ ಎಣ್ಣೆ ತಿಕ್ಕುವವರು, ಪಟ್ಟಿ ಕಟ್ಟುವವರು ಕಾದು ಕೂತಿರುತ್ತಾರೆ.

ನಮ್ಮ ಹುಡುಗ ಬೊಬ್ಬೆಯ ಬಗ್ಗೆ ಯೋಚಿಸಿರಲಿಲ್ಲ. ಹುಲಿಯ ಬಗ್ಗೆ ಯೋಚಿಸಿದ್ದ.

ಬೊಬ್ಬೆ ಎಂದ ಮೇಲೆ ಬೂಟಿನ ಮಾತೂ ಇಲ್ಲೇ ಮುಗಿಸಿಬಿಡುತ್ತೇನೆ. ಬೂಟನ್ನು ಸಂಜೆ ಹೊತ್ತಿನಲ್ಲಿ ಕೊಳ್ಳಬೇಕು. ದಿನವಿಡೀ ಓಡಾಡಿ ಪಾದ ಆಗ ಸ್ವಲ್ಪ ಊದಿರುತ್ತದೆ, ದೂರ ನಡೆದಾಗಲೂ ಹೀಗೇ ಊದುವುದು. ಮುಂದೆ ಹೆಬ್ಬೆರಳ ಅಗಲದಷ್ಟು ಜಾಗ ಬಿಡಬೇಕು. ಕೊಂಡ ಮೇಲೆ ಎರಡು ವಾರ ಹಾಲು ತರಲು, ಬಸ್ ಹಿಡಿಯಲು ಅದನ್ನೇ ಹಾಕಿಕೊಂಡು ಪಳಗಿಸಬೇಕು. ಹತ್ತಿಯ ಕಾಲುಚೀಲ ಬೆವರು ಹಿಡಿದಿಟ್ಟುಕೊಂಡು ಚರ್ಮ ಮೆತ್ತಗೆ ಮಾಡುತ್ತದೆ. ಬೊಬ್ಬೆಗೆ ಅದಕ್ಕಿಂತ ಒಳ್ಳೆ ಗೊಬ್ಬರ ಬೇರೆ ಇಲ್ಲ. ಉಣ್ಣೆಯದ್ದೋ ಸಿಂಥೆಟಿಕ್ಕೋ ಆಗಬೇಕು, ಎರಡು ಜೊತೆ ಇರಬೇಕು. ಜೀನ್ಸ್ ಪ್ಯಾಂಟಂತೂ ಒದ್ದೆಯಾದರೆ ತೊಟ್ಟವನನ್ನೇ ಹೊತ್ತುಕೋ ಎನ್ನುತ್ತದೆ. ಅಪಲೇಚಿಯನ್ ಹಾದಿ ಮುಗಿಸುವಷ್ಟರಲ್ಲಿ ನಾಲ್ಕೈದು ಜೊತೆ ಬೂಟು ಸವೆಯುತ್ತವೆ. ನಮ್ಮ ಹುಡುಗನ ಬೂಟು ಸವೆಯುವ ಮಾತು ಹಾಗಿರಲಿ, ಅದರ ಬೆಲೆಚೀಟಿಯನ್ನು ಕುಕ್ಕೆಯ ಬಸ್ಸಿನಲ್ಲಿ ಕಿತ್ತ.

ಕುಕ್ಕೆ ಸುಬ್ರಹ್ಮಣ್ಯದಲ್ಲಿ ಇಳಿದಾಗ ಬೆಳಗಿನ ಜಾವ. ಕುಮಾರ ಪರ್ವತ 1,712 ಮೀಟರ್ ಎತ್ತರ. ಕುಕ್ಕೆ ಇರುವುದು ನೂರಿಪ್ಪತ್ತು ಮೀಟರಿನ ಆಸುಪಾಸು. ಉಳಿದದ್ದನ್ನೆಲ್ಲ ಮಂಡಿಯೇ ಕೊಡಬೇಕು. ಮೊದಲು ದಟ್ಟ ಕಾಡು, ಆಮೇಲೆ ಗಿರಿಗದ್ದೆಯಲ್ಲಿ ಭಟ್ಟರ ಮನೆ, ಅಲ್ಲಿಂದ ಮೇಲೆ ನೆರಳಿಲ್ಲದ ಹುಲ್ಲುಬೆಟ್ಟ, ಕಲ್ಲು ಮಂಟಪ, ಶೇಷ ಪರ್ವತ, ಕೊನೆಗೆ ಕುಮಾರ. ಮಳೆಗಾಲದಲ್ಲಿ ಹಾದಿ ಮುಚ್ಚುತ್ತಾರೆ. ತೆರೆದಾಗಲೂ ಆನ್‌ಲೈನಿನಲ್ಲಿ ಮೊದಲೇ ಚೀಟಿ ಮಾಡಿಸಿರಬೇಕು. ಶಿಖರದಲ್ಲಿ ಡೇರೆ ಹಾಕುವಂತಿಲ್ಲ. ಈ ಕೊನೆಯ ಸಂಗತಿ ನಮ್ಮ ಹುಡುಗನಿಗೆ ತಿಳಿದದ್ದು ಡೇರೆ ಹೊತ್ತು ಚೆಕ್‌ಪೋಸ್ಟ್ ಮುಟ್ಟಿದ ಮೇಲೆ.

ಅರಣ್ಯ ಇಲಾಖೆಯ ಗಾರ್ಡ್ ನಮ್ಮ ಬ್ಯಾಗು ಬಿಚ್ಚಿಸಿದ. ಕೊಡಲಿ ನೋಡಿ, ‘ಇದು ಎಂತದಕ್ಕೆ ಮಾರಾಯ್ರೇ, ಕಾಡು ಕಡಿಯಲಿಕ್ಕಾ?’ ಎಂದು ಕೇಳಿ, ತೆಗೆದು ಪಕ್ಕಕ್ಕಿಟ್ಟ. ಹುಡುಗ ಮರ್ಯಾದೆ ಉಳಿಸಿಕೊಳ್ಳಲು ಮಾತು ತಿರುಗಿಸಿದ. ‘ಹುಲಿ ಎದುರಾದ್ರೆ ಏನು ಮಾಡ್ಬೇಕು ಸಾರ್?’

‘ಹುಲಿ ನಿಮಗೆ ಕಾಣಲಿಕ್ಕಿಲ್ಲ. ನಮಗೇ ಕಾಣುವುದಿಲ್ಲ. ಕಂಡರೆ ಓಡಬೇಡಿ, ಬೆನ್ನು ಕೊಡಬೇಡಿ, ಅದನ್ನು ನೋಡ್ತಾ ಮೆಲ್ಲ ಹಿಂದೆ ಬನ್ನಿ. ಆನೆಯದ್ದೇ ಕಷ್ಟ. ಲದ್ದಿ ಸಿಕ್ಕಿದರೆ ಬಿಸಿ ಉಂಟಾ ನೋಡಿ. ಬಿಸಿ ಇದ್ದರೆ ವಾಪಸು ಬನ್ನಿ.’

‘ಬಿಸಿ ಇದೆಯಾ ಅಂತ ಹೇಗೆ ಗೊತ್ತಾಗುತ್ತೆ?’

ಗಾರ್ಡ್ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದ. ‘ಮುಟ್ಟಿ ನೋಡಬೇಕು, ಮತ್ತೆಂತ?’

14 ಅಲಗಿನ ಚಾಕುವಿನಲ್ಲಿ ಲದ್ದಿ ಮುಟ್ಟುವ ಅಲಗು ಇರಲಿಲ್ಲ.

ಗಾರ್ಡ್ ಹೇಳಿದ್ದರಲ್ಲಿ ಒಂದು ಮಾತೂ ದಂಡವಲ್ಲ. ಕಾಡಿನಲ್ಲಿ ಆನೆ ಗುಡುಗುಡು ಓಡಿ ಬಂದರೆ ಒಳ್ಳೆ ಓಟಗಾರನಿಗೂ ಕಷ್ಟ, ಇನ್ನು ಲ್ಯಾಪ್‌ಟಾಪ್ ಮುಂದೆ ಕೂತವನ ಪಾಡೇನು? ಹೊಸದಾಗಿ ಮುರಿದ ಬಿದಿರು, ಹಸಿ ಲದ್ದಿ, ಕೊಂಬೆ ಸೀಳುವ ಸದ್ದು, ಇದರಲ್ಲಿ ಯಾವುದು ಕಂಡರೂ ಕೇಳಿದರೂ ಬಂದ ದಾರಿಗೆ ಸುಂಕವಿಲ್ಲ ಎಂದು ಹಿಂದಿರುಗಬೇಕು. ಗಾಳಿ ನಮ್ಮ ಕಡೆಯಿಂದ ಅದರ ಕಡೆಗೆ ಬೀಸುತ್ತಿದ್ದರೆ ನಮ್ಮ ವಾಸನೆ ನಮಗಿಂತ ಮೊದಲೇ ಹೋಗಿ ಮುಟ್ಟಿರುತ್ತದೆ. ಇಳಿಜಾರಿನಲ್ಲಿ ಆನೆ ಓಡಲಾರದು ಎಂದು ಹೇಳುವವರಿದ್ದಾರೆ. ಘಟ್ಟದ ಆನೆಗಳು ದಿನಾ ಇಳಿಜಾರಿನಲ್ಲೇ ಸಂಸಾರ ಮಾಡುತ್ತವೆ. ಆ ಮಾತನ್ನು ಪರೀಕ್ಷೆ ಮಾಡಲು ಹೋಗಬೇಡಿ.

ಕರಡಿಯ ವಿಷಯಕ್ಕೆ ಬಂದರೆ ನಮ್ಮನ್ನೆಲ್ಲ ಕೆಡಿಸಿದ್ದು ಶಾಲೆಯ ಪಾಠ. ಇಬ್ಬರು ಗೆಳೆಯರು, ಒಬ್ಬ ಮರ ಹತ್ತಿದ, ಇನ್ನೊಬ್ಬ ಸತ್ತಂತೆ ಮಲಗಿದ. ಆ ಕಥೆ ಬರೆದವನಿಗೆ ನಮ್ಮ ಕರಡಿ ಗೊತ್ತಿರಲಿಲ್ಲ. ಅದು ಜೇನಿಗಾಗಿ ಸಲೀಸಾಗಿ ಮರ ಹತ್ತುತ್ತದೆ, ಗೆಳೆಯನಿಗಿಂತ ಮೊದಲು ತುದಿಯಲ್ಲಿರುತ್ತದೆ. ಅದಕ್ಕೆ ಕಿವಿ, ಕಣ್ಣು ಅಷ್ಟು ಚುರುಕಲ್ಲ. ಗೆದ್ದಲು ಹೀರುವ ಸಡಗರದಲ್ಲಿದ್ದಾಗ ಮೂಗಿನ ನೇರಕ್ಕೆ ನಾವು ಹೋಗಿ ನಿಂತರೆ ಗಾಬರಿಯಾಗಿ ಎರಗುತ್ತದೆ. ಆದ್ದರಿಂದ ಪೊದೆ ದಟ್ಟವಿದ್ದಲ್ಲಿ, ತಿರುವಿನಲ್ಲಿ ಮಾತಾಡುತ್ತ ನಡೆಯಬೇಕು. ಇದಕ್ಕೆ ಗಂಟೆ ಬೇಡ, ಸ್ಪೀಕರ್ ಹಾಕಿ ಸಿನಿಮಾ ಹಾಡು ಒದರಿಸುವುದೂ ಬೇಡ. ಜೊತೆಗೊಬ್ಬ ಭಾವಮೈದುನ ಇದ್ದರೆ ಸಾಕು. ಮೈಮೇಲೆ ಬಿದ್ದೇಬಿಟ್ಟರೆ ಬೋರಲು ಮಲಗಿ ಮುಖ, ಕತ್ತು ಮುಚ್ಚಿಕೊಳ್ಳಬೇಕು. ನಮ್ಮ ಕರಡಿ ಕೈಹಾಕುವುದು ಮುಖಕ್ಕೆ.

ಇಷ್ಟೆಲ್ಲ ದೊಡ್ಡ ದೊಡ್ಡ ಪ್ರಾಣಿಗಳ ಚರ್ಚೆ ಮಾಡುತ್ತ, ನಾಲ್ಕೂ ದಿಕ್ಕಿಗೆ ಕಣ್ಣು ಹಾಯಿಸುತ್ತ ಕಾಡಿನ ಹಾದಿಯಲ್ಲಿ ಹೋಗುತ್ತಿದ್ದೆವು. ಕೆಳಗೆ ಮಾತ್ರ ಯಾರೂ ನೋಡಿರಲಿಲ್ಲ.

‘ಭಾವ, ಕಾಲುಚೀಲ ಯಾಕೋ ಕೆಂಪಗಿದೆ.’

ಉಂಬಳ! ಆಗತಾನೆ ಮಳೆಗಾಲ ಮುಗಿದಿತ್ತು, ನೆಲದ ತರಗೆಲೆ ಇನ್ನೂ ಒದ್ದೆ. ಬಯಲುಸೀಮೆಯವರು ಜಿಗಣೆ ಎಂದರೆ ಕೆರೆಯದ್ದು ಎಂದುಕೊಂಡಿರುತ್ತಾರೆ. ನಮ್ಮ ಉಂಬಳ ನೆಲದ ಮೇಲಿನ ಪ್ರಜೆ. ಬಾಲ ಊರಿ, ತಲೆ ಎತ್ತಿ, ಗಾಳಿಯಲ್ಲಿ ಆಚೀಚೆ ತೂಗಿ, ನಮ್ಮ ಮೈಶಾಖ, ಉಸಿರು, ಹೆಜ್ಜೆಯ ಅದುರು ಮೂರನ್ನೂ ಅಳೆದು, ಗೇಣು ಹಾಕುತ್ತ ಓಡಿ ಬರುತ್ತದೆ. ಅದೇನು ಅವಸರವೋ ಎಂದು ಕೇಳಬೇಡಿ, ವರ್ಷವಿಡೀ ಅದಕ್ಕೆ ಸಿಗುವ ಊಟ ಬಲು ಕಡಿಮೆ. ಕಚ್ಚಿದ್ದು ಗೊತ್ತಾಗದು. ರಕ್ತ ಹೆಪ್ಪುಗಟ್ಟದಂತೆ ಒಂದು ರಸ ಬಿಟ್ಟಿರುವುದರಿಂದ, ಅದು ಉಂಡು ಕೈತೊಳೆದು ಹೋದ ಮೇಲೂ ನಾವು ಬಡಿಸುತ್ತಲೇ ಇರುತ್ತೇವೆ.

ಹುಡುಗ ಒಂದು ಬಂಡೆಯ ಮೇಲೆ ಹತ್ತಿ ನಿಂತು ಎಣಿಸಿದ. 23. ಗೇಟ್‌ವುಡ್ ಅಜ್ಜಿಯ ಮೊಮ್ಮಕ್ಕಳಷ್ಟೇ. ಕಿತ್ತು ಎಸೆಯಲು ಹೋದರೆ ಬೆರಳಿಗೆ ಅಂಟುತ್ತದೆ, ಬೆರಳಿಂದ ಬಿಡಿಸಲು ಹೋದರೆ ಇನ್ನೊಂದು ಬೆರಳಿಗೆ. ಸೊನ್ನೆಗಿಂತ ಕೆಳಗಿನ ಚಳಿ ತಡೆಯುವ ಚೀಲ, ಬಿಸಿಲಿನಲ್ಲಿ ಚಾರ್ಜ್ ಮಾಡುವ ಹಲಗೆ, ಕರಡಿಯ ಗಂಟೆ, ಇಷ್ಟೂ ಸಾಮಗ್ರಿ ಎರಡು ಇಂಚಿನ ಜಂತುವಿನ ಮುಂದೆ ಕೈಕಟ್ಟಿ ನಿಂತಿತ್ತು.

ನಾನು ಜೇಬಿನಿಂದ ನನ್ನ ಆಯುಧ ತೆಗೆದೆ. ಅದು ಬೆಳಿಗ್ಗೆ ಹೋಟೆಲಿನಲ್ಲಿ ಕೇಳಿ ತಂದ ಒಂದು ಹಿಡಿ ಉಪ್ಪು. ಅದಕ್ಕೆ ಬೀದಿಯಂಗಡಿಯ ಹೊಗೆಸೊಪ್ಪಿನ ಪುಡಿ ಬೆರೆಸಿ, ಬಟ್ಟೆಯಲ್ಲಿ ಗಂಟು ಕಟ್ಟಿ, ನೀರಲ್ಲಿ ನೆನೆಸಿ ಕೋಲಿನ ತುದಿಗೆ ಕಟ್ಟಿಕೊಂಡರೆ ಆಯಿತು. ಬೂಟು ಹತ್ತುತ್ತಿರುವ ಉಂಬಳಕ್ಕೆ ತಾಗಿಸಿದರೆ ಉದುರುತ್ತದೆ. ನಮ್ಮೂರಿನ ತೋಟಗಳಲ್ಲಿ ಎಲ್ಲರ ಕೈಯಲ್ಲೂ ಇರುತ್ತಿದ್ದ ಕೋಲಿದು. ಆದರೆ ಈಗಾಗಲೇ ಕಚ್ಚಿ ಕೂತದ್ದಕ್ಕೆ ಉಪ್ಪು ಸುರಿಯಬಾರದು, ಬೀಡಿ ಬೆಂಕಿ ತಾಗಿಸಬಾರದು. ಸಂಕಟಕ್ಕೆ ಅದು ಹೊಟ್ಟೆಯಲ್ಲಿದ್ದುದನ್ನು ಗಾಯದೊಳಕ್ಕೇ ಕಾರುತ್ತದೆ. ಉಗುರನ್ನು ಅದರ ಬಾಯಿಯ ಅಡಿಗೆ ಮೆಲ್ಲನೆ ತೂರಿಸಿ ಸರಿಸಿದರೆ ಬಿಡುತ್ತದೆ. ನೀರು ಹಾಕಿ ತೊಳೆದು, ಒತ್ತಿಹಿಡಿದರೆ ಆಯಿತು. ಪ್ಯಾಂಟನ್ನು ಕಾಲುಚೀಲದೊಳಗೆ ತೂರಿಸಿಕೊಂಡರೆ ಅರ್ಧ ಯುದ್ಧ ಗೆದ್ದಂತೆ. ಫೋಟೊದಲ್ಲಿ ಚೆನ್ನಾಗಿ ಕಾಣುವುದಿಲ್ಲ, ಅಷ್ಟೇ.

‘ಬೇಸಿಗೆಯಲ್ಲಿ ಬಂದಿದ್ರೆ ಉಂಬಳ ಇರ್ತಿರಲಿಲ್ಲ ಅಲ್ವಾ ಭಾವ?’

ಇರುತ್ತಿರಲಿಲ್ಲ. ಆಗ ಉಣುಗು ಇರುತ್ತದೆ. ಉಂಬಳ ಬರೀ ರಕ್ತದ ಆಸೆಯದ್ದು, ಉಣುಗು ಕೊಟ್ಟು ತೆಗೆದುಕೊಳ್ಳುವ ವ್ಯಾಪಾರಿ. 1957ರಲ್ಲಿ ನಮ್ಮ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬಿದ್ದಾಗ ಪತ್ತೆಯಾದ ಮಂಗನ ಕಾಯಿಲೆ ಹರಡುವುದು ಇದರಿಂದಲೇ. ಜಗತ್ತಿನ ವೈದ್ಯರ ಪುಸ್ತಕದಲ್ಲಿ ಅದಕ್ಕೆ ಕ್ಯಾಸನೂರು ಕಾಡಿನ ಕಾಯಿಲೆ ಎಂದೇ ಹೆಸರು. ನಮ್ಮ ಹುಡುಗನ ಅಮೆರಿಕದಲ್ಲೂ ಇದರ ಬಂಧುವೊಂದಿದೆ. ಕನೆಕ್ಟಿಕಟ್ ರಾಜ್ಯದ ಲೈಮ್ ಎಂಬ ಊರಿನ ಹೆಸರು ಹೊತ್ತ ಲೈಮ್ ಕಾಯಿಲೆ, ಅದನ್ನು ಹಂಚುವುದೂ ಉಣುಗೇ. ಅಪಲೇಚಿಯನ್ ಹಾದಿ ಆ ರಾಜ್ಯವನ್ನೂ ಹಾಯುತ್ತದೆ. ಭೂಮಿಯ ಎರಡು ಬದಿಯ ಎರಡು ಸಣ್ಣ ಊರುಗಳು ಹುಲಿಯಿಂದಲ್ಲ, ಕರಡಿಯಿಂದಲ್ಲ, ಸಾಸಿವೆ ಕಾಳಿನಷ್ಟು ಹುಳದಿಂದ ಪ್ರಸಿದ್ಧವಾದವು. ಡಿಸೆಂಬರಿನಿಂದ ಮೇವರೆಗೆ ಮಲೆನಾಡಿನ ಕಾಡಿಗೆ ಹೋಗುವವರು ಆರೋಗ್ಯ ಇಲಾಖೆಯವರು ಹಂಚುವ ಡೆಪಾ ಎಣ್ಣೆಯನ್ನೋ, ಬೇರೆ ಒಳ್ಳೆ ಲೇಪವನ್ನೋ ಕೈಕಾಲಿಗೆ ಹಚ್ಚಿಕೊಳ್ಳಬೇಕು. ತರಗೆಲೆಯ ಮೇಲೆ ಕೂರಬಾರದು, ವಾಪಸು ಬಂದು ಬಿಸಿನೀರು ಮೀಯುವಾಗ ಕಂಕುಳು, ತೊಡೆಸಂದು, ಕಿವಿಯ ಹಿಂದೆ ತಡವಿ ನೋಡಬೇಕು. ಕಚ್ಚಿದ್ದು ಸಿಕ್ಕರೆ ಚಿಮಟದಲ್ಲಿ ಚರ್ಮಕ್ಕೆ ತಾಗುವಂತೆ ಹಿಡಿದು ನೇರ ಎಳೆಯಬೇಕು. ಸತ್ತ ಮಂಗ ಕಂಡರೆ ಹತ್ತಿರ ಹೋಗದೆ ಆರೋಗ್ಯ ಕೇಂದ್ರಕ್ಕೆ ತಿಳಿಸಬೇಕು. ಆಮೇಲೆ ಜ್ವರ ಬಂದರೆ ಕಾಡಿಗೆ ಹೋಗಿದ್ದೆ ಎಂದು ಡಾಕ್ಟರಿಗೆ ಹೇಳಬೇಕು. ಎಷ್ಟೋ ಜನ ಫೇಸ್‌ಬುಕ್ಕಿಗೆ ಹೇಳಿ ಡಾಕ್ಟರಿಗೆ ಹೇಳುವುದನ್ನು ಮರೆಯುತ್ತಾರೆ.

ಹಾವು? ಅದು ನಮಗೆ ಕೊಡುವ ಮರ್ಯಾದೆಯ ಕಾಲುಭಾಗ ನಾವು ಅದಕ್ಕೆ ಕೊಟ್ಟರೆ ಸಾಕು. ಕಾಲಿಡುವ ಜಾಗ ನೋಡಿಡಿ, ಕೈ ಇಡುವ ಬಂಡೆಯನ್ನು ಅದಕ್ಕಿಂತ ಹೆಚ್ಚು ನೋಡಿ. ಗುಳಿಮಂಡಲ ಎಲೆಯ ಬಣ್ಣದಲ್ಲೇ ಕೂತಿರುತ್ತದೆ. ಕಚ್ಚಿದರೆ ಕೊಯ್ಯುವುದು, ಹೀರುವುದು, ಹಗ್ಗ ಬಿಗಿಯುವುದು ಇವೆಲ್ಲ ಸಿನಿಮಾದವರಿಗೆ ಬಿಡಿ. ಮೂಳೆ ಮುರಿದಾಗ ಮಾಡುವಂತೆ ಆ ಕೈಕಾಲು ಅಲ್ಲಾಡದಂತೆ ಕಟ್ಟಿ, ಹೊತ್ತುಕೊಂಡಾದರೂ ಸರಿ, ಬೇಗ ಆಸ್ಪತ್ರೆಗೆ ಒಯ್ಯಬೇಕು. ಸಾಕ್ಷಿಗೆ ಹಾವನ್ನು ಹಿಡಿದು ತರುವ ಸಾಹಸ ಬೇಡ. ರಾತ್ರಿ ಮಲಗುವುದಿದ್ದರೆ ಡೇರೆಯ ಜಿಪ್ಪು ಪೂರ್ತಿ ಎಳೆದಿರಲಿ, ಬೆಳಿಗ್ಗೆ ಬೂಟು ಕೊಡವಿ ಹಾಕಿಕೊಳ್ಳಿ. ಬಂಡೆಯ ಮೇಲೆ ಹೆಜ್ಜೇನು ತಟ್ಟಿ ಕಂಡರೆ ಸೆಂಟು, ಹೊಗೆ, ಕೂಗಾಟ ಮೂರೂ ಬಂದ್. ಎದ್ದುಬಿಟ್ಟರೆ ಕೈಬೀಸದೆ, ಮುಖ ಮುಚ್ಚಿಕೊಂಡು ದೂರ ಓಡುವುದೊಂದೇ ದಾರಿ. ನೀರಿಗೆ ಹಾರಿದರೆ ಅವು ಮೇಲೆ ಕಾಯುತ್ತವೆ, ನಮ್ಮ ಉಸಿರು ಅವುಗಳ ತಾಳ್ಮೆಯಷ್ಟು ಉದ್ದವಿಲ್ಲ.

ಗಿರಿಗದ್ದೆ ಮುಟ್ಟುವಷ್ಟರಲ್ಲಿ ಹುಡುಗನ ಹಿಮ್ಮಡಿಯಲ್ಲಿ ಎರಡು ಬೊಬ್ಬೆ ಎದ್ದಿದ್ದವು. ಆದರೂ ಅಮೆರಿಕದ ಶಿಸ್ತು ಬಿಡಲಿಲ್ಲ. ಅಲ್ಲಿನ ಹಾದಿಯಲ್ಲಿ ಕರಡಿ ಬರದಂತೆ ರಾತ್ರಿ ತಿಂಡಿಚೀಲವನ್ನು ಹಗ್ಗ ಕಟ್ಟಿ ಮರಕ್ಕೆ, ಹನ್ನೆರಡು ಅಡಿ ಎತ್ತರಕ್ಕೆ ತೂಗುಹಾಕುತ್ತಾರೆ. ತಂಗುವ ಜೋಪಡಿಗಳಲ್ಲಿ ಇಲಿಗಳಿಗಾಗಿ ದಾರದ ನಡುವೆ ಖಾಲಿ ಡಬ್ಬಿಯನ್ನು ಬೋರಲು ಪೋಣಿಸಿ ಚೀಲ ನೇತುಹಾಕುತ್ತಾರೆ. ಅಲ್ಲೂ ಕರಡಿಗಿಂತ ಹೆಚ್ಚು ಚೀಲ ತೂತು ಮಾಡುವುದು ಇಲಿಯೇ. ನಮ್ಮ ಅಜ್ಜಿ ಇದನ್ನು ನೆಲುವು ಎನ್ನುತ್ತಿದ್ದಳು, ಬೆಕ್ಕಿಗೆಂದು ಮಾಡಿದ್ದಳು, ಪೇಟೆಂಟ್ ಮಾಡಿಸಿರಲಿಲ್ಲ. ಹುಡುಗ 20 ಮೀಟರ್ ಹಗ್ಗ ತೆಗೆದು, ನಾಲ್ಕು ಬಾರಿ ಎಸೆದು, ಕೊಂಬೆಯೊಂದಕ್ಕೆ ತಿಂಡಿಚೀಲ ಏರಿಸಿ, ‘ಈಗ ಯಾವ ಪ್ರಾಣಿಗೂ ಎಟುಕಲ್ಲ’ ಎಂದು ಕೈ ಒರೆಸಿಕೊಂಡ.

ನಾವು ಕೆಳಗೆ ಕೂತು ಬೊಬ್ಬೆಗೆ ಪಟ್ಟಿ ಹಾಕುತ್ತಿದ್ದಾಗ ಒಂದು ಮಂಗ ಬಂತು. ಅಮೆರಿಕದ ಕರಡಿಗೆ ಎಟುಕದ ಎತ್ತರ ಅದಕ್ಕೆ ಊಟದ ಮೇಜಿನ ಎತ್ತರ. ಕೊಂಬೆಯ ಮೇಲೆ ಆರಾಮವಾಗಿ ಕೂತು, ಹಗ್ಗವನ್ನು ಬಾವಿಯಿಂದ ನೀರು ಸೇದುವಂತೆ ಮೇಲೆಳೆದುಕೊಂಡು, ಜಿಪ್ಪು ತೆಗೆದು, ನೂರೈವತ್ತು ರೂಪಾಯಿಯ ಎನರ್ಜಿ ಬಾರ್‌ಗಳನ್ನು ಒಂದೊಂದಾಗಿ ಸುಲಿಯಿತು. ಒಂದನ್ನು ಕಚ್ಚಿ, ರುಚಿಸದೆ ನಮ್ಮ ಮೇಲೆಯೇ ಎಸೆಯಿತು. ಆದರೆ ನನ್ನಾಕೆ ಕಟ್ಟಿಕೊಟ್ಟಿದ್ದ ಚಟ್ನಿಪುಡಿ ಅವಲಕ್ಕಿಯ ಪೊಟ್ಟಣ ನನ್ನ ಜೋಳಿಗೆಯ ತಳದಲ್ಲಿ, ಒದ್ದೆ ಟವೆಲ್ಲಿನ ಕೆಳಗೆ ಇತ್ತು. ಮಂಗಕ್ಕೆ ಕಣ್ಣಿಗೆ ಕಂಡದ್ದು, ಪರಪರ ಸದ್ದು ಮಾಡಿದ್ದು ಮಾತ್ರ ತಿಂಡಿ. ಮುಚ್ಚಿಟ್ಟರೆ ಸಾಕು, ಏರಿಸಿಡುವುದು ಬೇಡ. ಕೈಯಾರೆ ಕೊಡುವುದಂತೂ ಬೇಡವೇ ಬೇಡ. ಇವತ್ತು ನೀವು ಕೊಟ್ಟ ಬಿಸ್ಕತ್ತಿಗೆ ನಾಳೆ ಬರುವವನು ಕಚ್ಚಿಸಿಕೊಳ್ಳುತ್ತಾನೆ.

ಅವಲಕ್ಕಿ ಹಂಚಿಕೊಂಡು ತಿಂದು, ಕಲ್ಲು ಮಂಟಪದವರೆಗೆ ಹೇಗೋ ಏದುತ್ತ ಹೋದೆವು. ಅಲ್ಲಿಂದ ಶಿಖರ ನೋಡಿ ಕೈಮುಗಿದು ತಿರುಗಿದೆವು. ಬೆಟ್ಟದಲ್ಲಿ ಹಿಂದಿರುಗುವ ಹೊತ್ತನ್ನು ಗಡಿಯಾರ ಹೇಳಬೇಕು, ಹಟ ಹೇಳಬಾರದು. ಕತ್ತಲಾಗುವ ಮೊದಲು ಕೆಳಗಿರಬೇಕೆಂಬ ಲೆಕ್ಕ ಹತ್ತುವಾಗಲೇ ಹಾಕಿರಬೇಕು. ಆದರೂ ತಲೆಗೆ ಕಟ್ಟುವ ದೀಪ ಜೊತೆಗಿರಲಿ. ಹುಡುಗ ತಂದ ಅಷ್ಟೂ ಸಾಮಾನಿನಲ್ಲಿ ದುಡ್ಡಿಗೆ ಮೋಸವಿಲ್ಲದ್ದು ಎರಡೇ, ಆ ದೀಪ ಮತ್ತು ಮಡಚುವ ಕೋಲು. ಇಳಿಯುವಾಗ ಅವನ ಮಂಡಿ ಉಳಿಸಿದ್ದು ಆ ಕೋಲು. ಎರಡನೆಯದು ನನ್ನ ಮಂಡಿ ಉಳಿಸಿತು, ಆದ್ದರಿಂದ ಅದರ ಬಗ್ಗೆ ತಮಾಷೆ ಮಾಡುವ ಹಕ್ಕು ನನಗಿಲ್ಲ.

ಇಳಿಯುವಾಗಲೇ ಬಂತು ಬ್ಯೂಟಿ ಪಾರ್ಲರಿನ ಸರದಿ. ಇಳಿಜಾರಿನಲ್ಲಿ ಪಾದ ಬೂಟಿನೊಳಗೆ ಮುಂದಕ್ಕೆ ಜಾರುತ್ತದೆ. ಉಗುರು ಉದ್ದವಿದ್ದರೆ ಪ್ರತಿ ಹೆಜ್ಜೆಗೂ ಅದು ಬೂಟಿನ ಮೂತಿಗೆ ಗುದ್ದುತ್ತದೆ. ಹಾಗೆ ಸಾವಿರಾರು ಗುದ್ದು. ಕುಕ್ಕೆಯಲ್ಲಿ ಬೂಟು ಬಿಚ್ಚಿದಾಗ ಎರಡೂ ಹೆಬ್ಬೆರಳಿನ ಉಗುರು ನೇರಳೆ ಹಣ್ಣಿನ ಬಣ್ಣಕ್ಕೆ ತಿರುಗಿದ್ದವು. ದೀಪಾವಳಿ ಹೊತ್ತಿಗೆ ಎರಡೂ ಉದುರಿದವು.

ಈಗ ಆ 70 ಲೀಟರಿನ ಬ್ಯಾಗು ನಮ್ಮ ಅಟ್ಟದಲ್ಲಿದೆ. ನನ್ನಾಕೆ ಅದರಲ್ಲಿ ಹಳೇ ಪೇಪರ್ ತುಂಬುತ್ತಿದ್ದಾಳೆ, ತಕ್ಕಡಿಯವನ ಆಸೆಯೂ ತೀರಲಿ ಎಂದು. ಅಮೆರಿಕದ ಯೋಜನೆ ಸತ್ತಿಲ್ಲ, ಮುಂದಕ್ಕೆ ಹೋಗಿದೆ. ಕಾಲಿನ ಹೆಬ್ಬೆರಳ ಉಗುರು ಬುಡದಿಂದ ತುದಿಯವರೆಗೆ ಮತ್ತೆ ಬೆಳೆಯಲು ಒಂದು ವರ್ಷವಾದರೂ ಬೇಕು, ಕೆಲವೊಮ್ಮೆ ಒಂದೂವರೆ.

ನೀವೂ ಹೊರಡುವವರಾದರೆ ಹುಲಿಯ ಚಿಂತೆ ಗಾರ್ಡಿಗೆ ಬಿಡಿ. ಒಂದು ಹಿಡಿ ಉಪ್ಪು, ಇನ್ನೊಂದು ಜೊತೆ ಕಾಲುಚೀಲ ಇಟ್ಟುಕೊಳ್ಳಿ. ಹಿಂದಿನ ರಾತ್ರಿ ಉಗುರು ಕತ್ತರಿಸಿಕೊಳ್ಳಿ.